ಅಪ್ಪನ ಹೆಬ್ಬೆಟ್ಟು

ನಾನು ಚಿಕ್ಕವನಿದ್ದಾಗ ಡೊಂಬಿವಲಿಯ ಸಾಲುಮನೆಗಳ ನಮ್ಮ ಚಾಳಿನಲ್ಲಿ ಭಾನುವಾರವೆಂದರೆ ಸಹಿ ಕಲಿಯುವ ದಿನ. ಉಡುಪಿ ಹೋಟೆಲಿನ ಅಡುಗೆಯವರು ಒಗ್ಗರಣೆಯ ಘಮ ಹೊತ್ತುಕೊಂಡೇ ಬಂದು ಅಪ್ಪನ ಮುಂದೆ ಸ್ಲೇಟು ಹಿಡಿದು ಕೂರುತ್ತಿದ್ದರು. ಸರಕಾರಿ ಗುಮಾಸ್ತರಾಗಿದ್ದ ಅಪ್ಪನಿಗೆ ಹೆಬ್ಬೆಟ್ಟು ಒತ್ತುವವರನ್ನು ಕಂಡರೆ ಮೈಯೆಲ್ಲ ಉರಿ. "ಊರಿಗೆ ಮನಿಯಾರ್ಡರ್ ಕಳಿಸ್ಲಿಕ್ಕೆ ಬರ್ತದೆ, ಹೆಸರು ಬರೀಲಿಕ್ಕೆ ಬರುದಿಲ್ವಾ ಮಾರಾಯಾ?" ಎಂದು ಗದರುತ್ತಲೇ ಕೈ ಹಿಡಿದು ತಿದ್ದಿಸುತ್ತಿದ್ದರು.

ಅಂಥ ಅಪ್ಪನಿಗೆ ನಿವೃತ್ತಿಯ ಹೊತ್ತಿಗೇ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಸಂಬಳ ನಿಂತಿತ್ತು, ಪಿಂಚಣಿ ಶುರುವಾಗಿರಲಿಲ್ಲ. ಅದು ಬಾರದಿದ್ದರೆ ಅಕ್ಕ ಕಾಲೇಜು ಬಿಡಬೇಕಿತ್ತು. ಅಪ್ಪನೇ ಬಂದು ಸಹಿ ಹಾಕಬೇಕೆಂದು ಠಾಣೆ ಪಟ್ಟಣದ ಪಿಂಚಣಿ ಕಚೇರಿಯವರು ತಿಳಿಸಿದರು. ಒಂದು ಕಡೆ ಅಕ್ಕ, ಒಂದು ಕಡೆ ನಾನು ಹಿಡಿದು ಅವರನ್ನು ಲೋಕಲ್ ರೈಲು ಹತ್ತಿಸಿದೆವು.

ಕಚೇರಿಯಲ್ಲಿ ಹಳೆ ಕಾಗದದ ಮುಗ್ಗುಲು ವಾಸನೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅಪ್ಪ ಪೆನ್ನು ಹಿಡಿದರು. ಗೆರೆ ಎತ್ತಲೋ ಓಡಿತು, ಹಳೆಯ ಸಹಿಗೆ ಹೊಂದಲಿಲ್ಲ. ಮತ್ತೆ ಬರೆದರು, ಮತ್ತೆ. ನೋಡಲಾರದೆ ಅಕ್ಕ ಅವರ ಕೈ ಹಿಡಿಯಹೋದಳು. "ಬೇಡ ಮಗಾ, ನಾನೇ ಹಾಕ್ತೇನೆ," ಎಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

ಕಿಟಕಿಯಾಚೆಯ ಗುಮಾಸ್ತ ಒಳ್ಳೆಯವನೇ. "ರಾಹೂ ದ್ಯಾ ಕಾಕಾ, ಅಂಗಠಾ ಲಾವಾ," ಎಂದು ಮೆತ್ತಗೆ ಶಾಯಿಯ ಪ್ಯಾಡನ್ನು ಮುಂದೆ ತಳ್ಳಿದ. ಸಹಿ ಬಿಡಿ, ಹೆಬ್ಬೆಟ್ಟು ಒತ್ತಿ ಎಂದು. ಅಪ್ಪ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಎಡಗೈಯ ಹೆಬ್ಬೆಟ್ಟು ಒತ್ತಿದರು. ನನಗೆ ಅಳು ಬಂತು.

ಪಿಂಚಣಿ ಶುರುವಾಯಿತು, ಅಕ್ಕನ ಕಾಲೇಜು ಉಳಿಯಿತು. ಆದರೆ ಕಚೇರಿಗೆ ಹೋಗಿ ಬಂದ ಮುಂದಿನ ಭಾನುವಾರ ಅಡುಗೆಯವರು ಬಂದಾಗ ಅಪ್ಪ ಗೋಡೆಯತ್ತ ಮುಖ ಮಾಡಿ ಮಲಗಿದ್ದರು. ಶಾಯಿ ಆಗಲೇ ಹೋಗಿತ್ತು, ಆದರೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿದ್ದರು. ಆ ಪಾಠ ಅಲ್ಲಿಗೇ ನಿಂತಿತು.

ಮಕ್ಕಳೇ, ನಿಮ್ಮ ಐರೋಲಿಯಲ್ಲಿ ಬೆರಳು ಒತ್ತಲು ಯಾರಿಗೂ ನಾಚಿಕೆಯಿಲ್ಲ. ಒತ್ತಿದರೆ ನಿಮ್ಮ ಫೋನು ತೆರೆಯುತ್ತದೆ, ನಿಮ್ಮಪ್ಪನ ಆಫೀಸಿನ ಬಾಗಿಲೂ ತೆರೆಯುತ್ತದೆ. ಈ ಅಜ್ಜ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ಪಿಂಚಣಿಯವರಿಗೆ ಹೇಳಬೇಕಾದದ್ದೂ ಬೆರಳೇ. ಮೊನ್ನೆ ನೀವು ಬೆರಳ ಗುರುತು ಓದುವ ಆ ಪುಟ್ಟ ಯಂತ್ರದ ಮೇಲೆ ನನ್ನ ಬೆರಳನ್ನು ಎಷ್ಟು ಒತ್ತಿ ಹಿಡಿದರೂ ಅದು ಒಪ್ಪಲಿಲ್ಲ. ವಯಸ್ಸಾಗಿ ಗೆರೆಗಳೆಲ್ಲ ಸವೆದುಹೋಗಿವೆ. "ಸಹಿ ಹಾಕ್ತೇನೆ ಮಗಾ, ನನ್ನ ಕೈ ಇನ್ನೂ ಗಟ್ಟಿ ಉಂಟು," ಎಂದೆ.

"ಸೈನ್ ನಹೀ ಚಲೇಗಾ, ಅಜ್ಜ," ಸಹಿ ನಡೆಯುವುದಿಲ್ಲ ಎಂದಿರಿ ನೀವು.