ತಾಟು ತೊಳೆದ ನೀರು

ಮದುವೆಯಾಗಿ ಹಳಿಯಾಳದ ಹತ್ತಿರದ ಹಳ್ಳಿಗೆ ಬಂದ ವರ್ಷವೇ ನನಗೆ ಚಳಿಜ್ವರ ಹಿಡಿಯಿತು. ಗಂಡ ದಾಂಡೇಲಿಯ ಹೊಸ ಗಿರಣಿಯಲ್ಲಿದ್ದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಜ್ವರ ಬಿಟ್ಟಾಗ ಬಳೆ ಮೊಣಕೈ ತನಕ ಜಾರುತ್ತಿತ್ತು. "ಸ್ವಲ್ಪ ಸ್ವಲ್ಪ ಉಣ್ರಿ, ಆದರ ಮತ್ತ ಮತ್ತ ಉಣ್ರಿ" ಎಂದಿದ್ದರು ಡಾಕ್ಟರು. ಉಣ್ಣಬೇಕು ಎಂಬುದನ್ನಷ್ಟೇ ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು.

ನಮ್ಮಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಒಂದಗುಳೂ ಬಿಡುವಂತಿಲ್ಲ, ಉಂಡ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಅತ್ತೆ ಅನ್ನ ಗುಡ್ಡೆ ಹಾಕಿ, ತುಪ್ಪ ಸುರಿದು, ಎದುರಿಗೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. 

ಚಳಿಗಾಲದ ಒಂದು ಮಧ್ಯಾಹ್ನ ಅರ್ಧಕ್ಕೇ ನನ್ನ ಕೈ ನಿಂತಿತು. ಅನ್ನದ ಮೇಲೆ ತುಪ್ಪ ಹೆಪ್ಪುಗಟ್ಟಿತು. ನಾನೂ ಏಳಲಿಲ್ಲ, ಅತ್ತೆಯೂ ಏಳಲಿಲ್ಲ.

"ಉಣ್ಣು" ಎಂದರು.

"ಗಂಟಲದಾಗ ಇಳೀವಲ್ದ್ರಿ ಅತ್ತಿ! ಬಡಿದ್ರೂ ಇಳಿಯೂದಿಲ್ಲ!" ಎಂದು ಕಿರುಚಿಬಿಟ್ಟೆ.

ಅತ್ತೆ ಕೈ ಚಾಚಿದರು. ಹೊಡೆದೇಬಿಡುತ್ತಾರೆಂದು ಮುಖ ತಿರುಗಿಸಿದೆ. ಅವರು ತಾಟನ್ನು ತಮ್ಮ ಕಡೆ ಎಳೆದುಕೊಂಡರು. ಸೊಸೆಯ ಎಂಜಲನ್ನು, ತಣ್ಣಗಾದ ಆ ಅನ್ನವನ್ನು, ಕೊನೆಯ ಅಗುಳಿನವರೆಗೂ ಉಂಡರು. ತಾಟು ತೊಳೆದು ನೀರನ್ನೂ ಕುಡಿದರು.

"ಇನ್ನ ಮ್ಯಾಲೆ ನೀನ ನೀಡ್ಕೊ. ಎಷ್ಟು ಹೋಗ್ತೈತಿ, ಅಷ್ಟ."

ಬಳೆ ಮತ್ತೆ ಮಣಿಕಟ್ಟಿನಲ್ಲಿ ನಿಲ್ಲಲು ಬೇಸಗೆ ಬರಬೇಕಾಯಿತು. ಆದರೆ ಹಸಿವಾದದ್ದು ಅಂದೇ ಸಂಜೆ. ಯಾರೂ ಕರೆಯದೆ ಹೋಗಿ ಒಲೆಯ ಮುಂದೆ ಕೂತೆ. ಅತ್ತೆ ಅನ್ನದ ಗಡಿಗೆಯನ್ನು ನನ್ನತ್ತ ಸರಿಸಿ, ಬೆನ್ನು ತಿರುಗಿಸಿ ಕೂತರು.