ಆನ್ಸೆಲ್ಮ್ ಬೂರ್ದೆಯ ಸದ್ದಿಲ್ಲದ ರಸ್ತೆ

ನಮ್ಮೂರಿನ ಸೈಕಲ್ ಸಂಘದ ಅಧ್ಯಕ್ಷರು ಆನ್ಸೆಲ್ಮ್ ಬೂರ್ದೆ. ಕಾರ್ಯದರ್ಶಿಯೂ ಆನ್ಸೆಲ್ಮ್ ಬೂರ್ದೆ. ಸದಸ್ಯರು ಯಾರೆಂದು ಕೇಳಿದರೆ ಮಾತ್ರ ಅವರು ಒಮ್ಮೆ ಕೆಮ್ಮಿ, ಸರಪಳಿಗೆ ಎಣ್ಣೆ ಬಿಡುವ ನೆಪದಲ್ಲಿ ಬಗ್ಗಿಬಿಡುತ್ತಾರೆ. ಒಂದು ಕಾಲಕ್ಕೆ ಭಾನುವಾರ ಬೆಳಿಗ್ಗೆ ಚರ್ಚಿನ ಮುಂದೆ ದೊಡ್ಡ ಗುಂಪೇ ಸೇರುತ್ತಿತ್ತಂತೆ. ಒಬ್ಬರಿಗೆ ಹೃದಯ, ಒಬ್ಬರಿಗೆ ಬೆನ್ನು, ಮತ್ತೊಬ್ಬರಿಗೆ ಎರಡನೆಯ ಹೆಂಡತಿ, ಹೀಗೆ ಒಂದೊಂದೇ ತೊಂದರೆ ಬಂದು ಗುಂಪು ಕರಗಿತು. ಈ ವಸಂತದಲ್ಲಿ ಕೊನೆಯ ಜೊತೆಗಾರ ಲೆಯೋನ್ಸ್ ಕೂಡ ಸೊಂಟದ ಮೂಳೆ ಬದಲಾಯಿಸಿಕೊಂಡು, ತನ್ನ ಸೈಕಲ್ಲನ್ನು ಕೋಳಿಗಳಿಗೆ ಕೂರಲು ಬಿಟ್ಟುಕೊಟ್ಟ.

ಆಮೇಲೂ ಆನ್ಸೆಲ್ಮ್ ಸಿಲ್ವೇನಳ ಕಾಫಿ ಅಂಗಡಿಯಲ್ಲಿ ವಾರ್ಷಿಕ ಸಭೆ ನಡೆಸಿದರು. ಅಧ್ಯಕ್ಷರ ಆಯ್ಕೆ ಬಂದಾಗ, ತಮಗೆ ತಾವೇ ಮತ ಹಾಕಿಕೊಳ್ಳುವುದು ಸಭ್ಯತೆಯಲ್ಲವೆಂದು ತಟಸ್ಥರಾಗಿ ಉಳಿದರು. ಒಂದು ಮತವೂ ಬೀಳಲಿಲ್ಲ. ವಿರೋಧವೂ ಇಲ್ಲದ್ದರಿಂದ ಗೆದ್ದರು.

ಅವರ ಮನೆ ನಮ್ಮ ಪಕ್ಕದ್ದೇ. ನಾನು ಲಿಯೋನ್ ನಗರದಲ್ಲಿ ಓದಿ ಬೆಳೆದವಳು. ಅಲ್ಲಿ ರಸ್ತೆಯೆಂದರೆ ಕಾರುಗಳ ಭಯ. ಇಲ್ಲಿಗೆ ಮದುವೆಯಾಗಿ ಬಂದ ಮೇಲೆ ಭಯ ತಿರುವುಮುರುವಾಯಿತು: ಇಲ್ಲಿ ರಸ್ತೆಯಲ್ಲಿ ಯಾರೂ ಇಲ್ಲವೆಂಬುದೇ ಭಯ. ದಿಬ್ಬದ ಬೆನ್ನ ಮೇಲೆ, ಚೆಸ್ಟ್‌ನಟ್ ಮರಗಳ ನಡುವೆ ಹೋಗುವ ಆ ರಸ್ತೆಯ ಮಧ್ಯದಲ್ಲಿ ಹುಲ್ಲು ಬೆಳೆದಿದೆ. ಅಲ್ಲಿ ನಾನು ಮಗುವನ್ನೆತ್ತಿಕೊಂಡು ಬಿದ್ದರೆ ನೋಡುವವರು ಯಾರು? ಹಸುಗಳು ನೋಡುತ್ತವೆ, ನಿಜ. ನೋಡಿ ಏನು ಮಾಡುತ್ತವೆ?

ಆನ್ಸೆಲ್ಮ್‌ಗೆ ಆ ರಸ್ತೆಯೇ ಪ್ರಾಣ. ನಕ್ಷೆಯಲ್ಲಿ ಅದು ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಕಾರೆಂಬುದು ಅದರ ಮೇಲೆ ಎದುರಾದದ್ದೇ ಇಲ್ಲವೆಂದು ಅವರು ಆಣೆ ಮಾಡಿ ಹೇಳುತ್ತಾರೆ. ಹಾಗಿರುವಾಗ, ಹೊರಗಿನ ಸೈಕಲ್ ಸವಾರರಿಗಾಗಿ ಜಿಲ್ಲೆಯವರು ಗದ್ದಲವಿಲ್ಲದ ಒಂದು ದಾರಿ ಆರಿಸಿ ಉದ್ದಕ್ಕೂ ಫಲಕ ನೆಡುತ್ತಾರಂತೆ ಎಂಬ ಸುದ್ದಿ ಬಂತು. ಆಯ್ಕೆ ಇದ್ದದ್ದು ಎರಡೇ: ಒಂದು ನಮ್ಮ ರಸ್ತೆ, ಇನ್ನೊಂದು ಪಕ್ಕದ ವಿಲ್‌ಬ್ರು ಊರಿನದು.

"ಗೆದ್ವಿ ಅಂತಾನೇ ತಿಳ್ಕೊಳ್ಳಿ," ಎಂದರು ಆನ್ಸೆಲ್ಮ್ ಅಂಗಡಿಯಲ್ಲಿ. "ವಿಲ್‌ಬ್ರು ರಸ್ತೇಲಿ ದಿನಾ ಹಾಲಿನ ಲಾರಿ ಓಡಾಡುತ್ತೆ. ನಮ್ಮಲ್ಲಿ ಏನಿದೆ?"

"ಏನೂ ಇಲ್ಲ," ಎಂದಳು ಸಿಲ್ವೇನ್, ಲೋಟ ಒರೆಸುತ್ತಾ.

"ಅದೇ ಮತ್ತೆ! ಏನೂ ಇಲ್ಲ! ಅದಕ್ಕೇ ಗೆಲ್ಲೋದು."

ಅವರ ಹೆಂಡತಿ ಯುಗೆತ್ ಬೇಲಿಯಾಚೆಯಿಂದ ನನಗೆ ಒಳಗಿನ ಮಾತು ಹೇಳಿದರು. "ಫಲಕದ ಆಸೆ ಅಲ್ಲಮ್ಮ ಅದು. ಒಬ್ಬನೇ ತುಳಿದೂ ತುಳಿದೂ ಸಾಕಾಗಿದೆ ಅವನಿಗೆ. ಫಲಕ ಬಂದ್ರೆ ಹೊರಗಿನೋರು ಬರ್ತಾರೆ, ಯಾರಾದ್ರೂ ನಾಲ್ಕು ಹೆಜ್ಜೆ ಪಕ್ಕದಲ್ಲಿ ಬರ್ತಾರೆ ಅಂತ. ಹೋದ ಭಾನುವಾರ ಮರಕ್ಕೆ ಒರಗಿ ನಿಂತು ಹಸುಗೆ ಗಾಳಿಯ ದಿಕ್ಕು ವಿವರಿಸ್ತಿದ್ನಂತೆ. ಅಂಚೆಯವಳು ನೋಡಿ ನಂಗೆ ಹೇಳಿದ್ಲು."

ಮರುವಾರ ತೆಸಾಂದಿಯೇ ಎಂಬ ಹೆಸರಿನ ಜಿಲ್ಲೆಯ ಇಂಜಿನಿಯರ್ ಬಂದು, ರಸ್ತೆಗೆ ಅಡ್ಡವಾಗಿ ಒಂದು ಕಪ್ಪು ರಬ್ಬರ್ ಕೊಳವೆ ಹಾಸಿ, ಅದರ ತುದಿಯನ್ನು ಮರಕ್ಕೆ ಕಟ್ಟಿದ ಪೆಟ್ಟಿಗೆಗೆ ಸಿಕ್ಕಿಸಿ ಹೋದರು. ಯಾವ ಗಾಲಿ ಹತ್ತಿದರೂ ಪೆಟ್ಟಿಗೆ ಎಣಿಸುತ್ತದೆ. ಒಂದು ವಾರದ ಲೆಕ್ಕ.

ನಮ್ಮೂರಲ್ಲಿ ಏನೂ ನಡೆಯುವುದಿಲ್ಲ. ಹಾಗಾಗಿ ಕೊಳವೆ ನೋಡಲು ಎಲ್ಲರೂ ಹೋದರು. ಸಿಲ್ವೇನ್ ಅಂಗಡಿ ಮುಚ್ಚಿ ಕಾರಲ್ಲಿ ಹೋಗಿ ಬಂದು ವರದಿ ಕೊಟ್ಟಳು. ಅದನ್ನು ಕೇಳಿದವರು ಅವಳ ಮಾತು ನಿಜವೋ ಎಂದು ನೋಡಲು ಹೋದರು. ಕಟುಕರ ಅಂಗಡಿಯ ಮತುರಾನ್ ಮಾಂಸದ ವ್ಯಾನನ್ನೇ ಆ ದಾರಿಗೆ ತಿರುಗಿಸಿದ. ಲೆಯೋನ್ಸ್‌ನನ್ನು ಸೊಸೆ ಕಾರಲ್ಲಿ ಕರೆದೊಯ್ದಳು. ಪೆಟ್ಟಿಗೆ ಅವಳ ಬದಿಯ ಕಿಟಕಿಗೆ ಮಾತ್ರ ಕಂಡಿತೆಂದು ಅವನು ಹಟ ಹಿಡಿದಾಗ, ತಿರುಗಿಸಿ ಮತ್ತೊಮ್ಮೆ ದಾಟಿಸಿದಳು. ನಾನೂ ಹೋದೆ. ಕೊಳವೆಯ ಮೇಲೆ ಕಾರು ಜಾರಿದರೆ ಹಿಂದೆ ಕೂತ ಎರಡು ವರ್ಷದ ಸೊಲೀನಳ ಗತಿಯೇನೆಂದು ಬಹಳ ನಿಧಾನವಾಗಿ ದಾಟಿದೆ. ಜಾರಲಿಲ್ಲ. ಇಳಿಜಾರಿನ ಕಡೆಯಿಂದ ಬಂದರೆ ಜಾರೀತೇನೋ ಎಂದು ಆ ಕಡೆಯಿಂದಲೂ ಬಂದು ನೋಡಿದೆ.

ಆನ್ಸೆಲ್ಮ್ ಅಡಿಗೆಮನೆಯ ಕಿಟಕಿಯಿಂದ ಈ ಮೆರವಣಿಗೆಯನ್ನು ಕಂಡು ಹೌಹಾರಿದರು. ತಮ್ಮ ಹಳೆಯ ವ್ಯಾನು ಹತ್ತಿ ಒಬ್ಬೊಬ್ಬರನ್ನೇ ಅಟ್ಟಿಸಿಕೊಂಡು ಹೋಗಿ, ಕೈಮುಗಿದು ವಾಪಸು ಕಳಿಸತೊಡಗಿದರು. ಒಂದು ಕಾರನ್ನು ತಡೆಯಲು ಅವರೇ ಎರಡು ಸಲ ಕೊಳವೆ ದಾಟಬೇಕಿತ್ತು.

"ಏ ಮುದುಕಾ," ಎಂದರು ಯುಗೆತ್ ಬಾಗಿಲಲ್ಲಿ ನಿಂತು, "ಗಾಡೀಲಿ ಹೋಗಿ ಗಾಡಿ ತರಬೇಡಿ ಅಂತೀಯಲ್ಲ, ತಲೇಲಿ ಏನಿಟ್ಕೊಂಡಿದೀಯ?"

"ಸೈಕಲ್ಲಲ್ಲಿ ಹೋದ್ರೆ ಅವರು ಸಿಗಲ್ಲ ಕಣೇ!"

"ನಿನ್ನ ವ್ಯಾನಿಗೇನು ರೆಕ್ಕೆ ಇದೆಯಾ?"

"ನಂದು ಕೆಲಸದ ಮೇಲೆ ಓಡೋ ವ್ಯಾನು. ಅದು ಲೆಕ್ಕಕ್ಕೆ ಬರಲ್ಲ."

ಪೆಟ್ಟಿಗೆಗೆ ಈ ವಿನಾಯಿತಿ ತಿಳಿದಿರಲಿಲ್ಲ. ವಾರ ಕಳೆದು ಬಂದ ತೆಸಾಂದಿಯೇ ಕಾಫಿ ಅಂಗಡಿಯಲ್ಲಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಈ ಸುತ್ತಿನಲ್ಲೇ ಇಷ್ಟು ವಾಹನ ಓಡಾಡೋ ಹಳ್ಳಿ ರಸ್ತೆ ಇನ್ನೊಂದಿಲ್ಲ. ಅಡ್ಡರಸ್ತೇಲಿ ಸಿಗ್ನಲ್ ದೀಪ ಹಾಕ್ಬೇಕಾಗುತ್ತೋ ಏನೋ," ಎಂದರು.

ಯಾರೂ ತಲೆಯೆತ್ತಲಿಲ್ಲ. ನಾನು ಸೊಲೀನಳ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಿದೆ. ಆನ್ಸೆಲ್ಮ್ ನಿಂತು ಟೋಪಿ ತೆಗೆದರು. "ಅದರಲ್ಲಿ ಅರ್ಧ ನಂದೇ ವ್ಯಾನು, ಸ್ವಾಮಿ. ಮಿಕ್ಕಿದ್ದು ಇವರೆಲ್ಲ. ನಿಮ್ಮ ಕೊಳವೆ ನೋಡೋಕೆ ಬಂದಿದ್ರು."

ತೆಸಾಂದಿಯೇ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇನ್ನೊಂದು ವಾರ ಕೊಳವೆ ಅಲ್ಲೇ ಇರಲಿ, ಇದೇ ಕೊನೆಯ ಅವಕಾಶ ಎಂದು ಹೇಳಿ ಹೋದರು.

ಅವರು ಬಾಗಿಲು ದಾಟಿದ್ದೇ ತಡ, ಆನ್ಸೆಲ್ಮ್ ಕುರ್ಚಿ ಹತ್ತಿದರು. "ಇನ್ನೊಂದು ವಾರ ಆ ರಸ್ತೆ ಮೇಲೆ ಒಂದೇ ಒಂದು ಕಾರು ಕಂಡ್ರೆ ನಾನು ಮನುಷ್ಯನಾಗಿರಲ್ಲ! ಹೋಗಲೇಬೇಕಾ? ಸೈಕಲ್ ತುಳ್ಕೊಂಡು ಹೋಗಿ!"

ಸೈಕಲ್ ಎಂದರೆ ಹೆದರಿ ಮನೆಯಲ್ಲೇ ಕೂರುತ್ತಾರೆ ಎಂಬುದು ಅವರ ಲೆಕ್ಕ. ಆದರೆ ಊರವರಿಗೆ ಮಾಡಿದ ತಪ್ಪಿನ ನಾಚಿಕೆಯಿತ್ತು. ಜೊತೆಗೆ, ಕಾರುಗಳಿಲ್ಲದೆ ಕೊಳವೆ ಈಗ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ಕುತೂಹಲವೂ ಇತ್ತು. ಕೊಟ್ಟಿಗೆಗಳಿಂದ ಸೈಕಲ್ಲುಗಳು ಹೊರಬಂದವು. ಮತುರಾನ್ ಸಾಸೇಜಿನ ಬುಟ್ಟಿಯನ್ನು ಹಿಂದೆ ಕಟ್ಟಿಕೊಂಡು ಹೊರಟ. ಸಿಲ್ವೇನ್ ಸತ್ತ ಮಾವನ ಸೈಕಲ್ ಏರಿದಳು. ಅವಳ ಕಾಲು ಪೆಡಲಿಗೆ ಒಂದು ಸಲ ಸಿಕ್ಕರೆ ಒಂದು ಸಲ ಸಿಗುತ್ತಿರಲಿಲ್ಲ. ಲೆಯೋನ್ಸ್ ಡಾಕ್ಟರನ್ನು ಕೇಳದೆಯೇ ಕೋಳಿಗಳನ್ನು ಎಬ್ಬಿಸಿದ. ನಾನು ಜೂನ್ ಬಿಸಿಲಲ್ಲಿ ಸೊಲೀನಳಿಗೆ ಉಣ್ಣೆ ಟೋಪಿ, ಅದರ ಮೇಲೆ ಹೆಲ್ಮೆಟ್ ಹಾಕಿ ಹಿಂದಿನ ಸೀಟಿಗೆ ಬಿಗಿದೆ. ಇಳಿಜಾರಿನ ಉದ್ದಕ್ಕೂ ಎರಡೂ ಬ್ರೇಕ್ ಹಿಡಿದೇ ಇದ್ದೆ.

"ಬ್ರೇಕ್ ಬಿಡಮ್ಮಾ!" ಎಂದು ಹಿಂದಿನಿಂದ ಆನ್ಸೆಲ್ಮ್ ಕೂಗಿದರು. "ಸೈಕಲ್ ಅದು, ಕತ್ತೆ ಅಲ್ಲ, ಹಿಡಿದು ನಿಲ್ಲಿಸೋಕೆ!"

"ಕೆಳಗೆ ತಿರುವಿದೆ, ಬೂರ್ದೆಯವರೇ!"

"ಇದ್ರೆ ತಿರುಗು! ಅದಕ್ಕೇ ತಾನೇ ತಿರುವು ಇರೋದು?"

ನಾಲ್ಕನೆಯ ದಿನದ ಹೊತ್ತಿಗೆ ಯಾರೂ ಕೊಳವೆಯ ಕಡೆ ನೋಡುತ್ತಿರಲಿಲ್ಲ. ತುಳಿಯುತ್ತಾ ಹರಟುವುದಕ್ಕೆಂದೇ ಬರುತ್ತಿದ್ದರು. ಕಾರಿನಲ್ಲಿ ಕೈಬೀಸಿ ಹೋಗುತ್ತಿದ್ದವರು ಈಗ ಅರ್ಧ ದಿಬ್ಬ ಏರುವಷ್ಟರಲ್ಲಿ ಪರಸ್ಪರರ ಮೊಣಕಾಲಿನ ಚರಿತ್ರೆಯನ್ನೆಲ್ಲ ಕೇಳಿ ಮುಗಿಸಿರುತ್ತಿದ್ದರು.

ಆ ವಾರವಿಡೀ ಒಂದು ಕಾರೂ ಹೋಗಲಿಲ್ಲ. ಆದರೆ ತೆಸಾಂದಿಯೇ ಬಂದಾಗ ಮುಖ ಸಪ್ಪಗಿತ್ತು. "ಇದು ಹಳೇ ಪೆಟ್ಟಿಗೆ. ಎರಡು ಗಾಲಿ ಒಂದರ ಹಿಂದೆ ಒಂದು ದಾಟಿದ್ರೆ ಅದನ್ನ ವಾಹನ ಅಂತ ಬರ್ಕೊಳ್ಳುತ್ತೆ. ನಿಮ್ಮ ಓಡಾಟ ಹೋದ ವಾರಕ್ಕಿಂತ ಜಾಸ್ತಿ ಆಗಿದೆ. ಅದೆಲ್ಲ ಬರೀ ಸೈಕಲ್ಲು ಅಂತ ನಾನು ನಿಜ ಹೇಳಿದೆ, ಮೇಲಿನೋರು ನಗ್ತಾರೆ ಅಷ್ಟೆ. ಫಲಕ ವಿಲ್‌ಬ್ರು ಕಡೆ ಹೋಗುತ್ತೆ."

ಯುಗೆತ್ ಗಂಡನ ತೋಳು ಹಿಡಿದರು. ಆನ್ಸೆಲ್ಮ್ ಮೇಜಿನ ಮೇಲಿನ ಬಟ್ಟೆಯ ಅಂಚನ್ನು ನೀವುತ್ತಾ ಕೂತಿದ್ದರು. ಅವರ ಕಿವಿ ಕೆಂಪಾಗಿತ್ತು.

ಸಿಲ್ವೇನ್ ಗಂಟಲು ಸರಿಮಾಡಿಕೊಂಡಳು. "ಸರಿ, ಹೋಗ್ಲಿ ಬಿಡಿ. ನಾಳೆ ಭಾನುವಾರ ಎಷ್ಟೊತ್ತಿಗೆ ಹೊರಡೋದು, ಅದನ್ನಾದ್ರೂ ಹೇಳಿ. ನಾನು ಅಂಗಡಿಗೆ ಬೀಗ ಹಾಕ್ಬೇಕು."

"ಯಾರು?" ಎಂದರು ಆನ್ಸೆಲ್ಮ್.

"ಯಾರು ಅಂದ್ರೆ? ನಾವು."

ಅವರು ಕರವಸ್ತ್ರ ತೆಗೆದು ಜೋರಾಗಿ ಮೂಗು ಸೀಟಿದರು. "ಎಂಟಕ್ಕೆ. ತಡ ಮಾಡಿದೋರನ್ನ ನಾನು ಕಾಯಲ್ಲ."

ಮರುದಿನ ನನಗಾಗಿ, ಮತುರಾನನ ಗಾಲಿಗೆ ಗಾಳಿ ತುಂಬುವುದಕ್ಕಾಗಿ, ಮತ್ತು ಎದ್ದೇ ಇರದ ಲೆಯೋನ್ಸ್‌ಗಾಗಿ ಬಹಳ ಹೊತ್ತು ಕಾದರು. ಕೊನೆಗೆ ಹೊರಟೆವು. ಆನ್ಸೆಲ್ಮ್ ಮುಂದೆ, "ಮಾತು ಕಮ್ಮಿ! ಉಸಿರಿಟ್ಕೊಳ್ಳಿ!" ಎಂದು ಕೂಗುತ್ತಾ, ಹಿಂದೆ ರಸ್ತೆ ತುಂಬ ನಾವು, ಒಂದು ಕ್ಷಣವೂ ಬಾಯಿ ಮುಚ್ಚದೆ. ದಿಬ್ಬದ ನೆತ್ತಿಯಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ದಾರಿ ತಪ್ಪಿದ ಯಾವುದೋ ಹೊರಗಿನ ಕಾರು. ನಾನು ಸೊಲೀನಳ ಸಮೇತ ತುರಿಕೆ ಗಿಡಗಳ ಹಳ್ಳಕ್ಕೆ ಇಳಿಯುವವಳಿದ್ದೆ.

"ಇಳೀಬೇಡ!" ಆನ್ಸೆಲ್ಮ್ ಪೆಡಲಿನ ಮೇಲೆ ಎದ್ದು ನಿಂತು ಹಿಂತಿರುಗಿದರು. ಕಾರು ಕಂಡು ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ. "ಯಾರೂ ಪಕ್ಕಕ್ಕೆ ಸರೀಬೇಡಿ! ಕಾಯ್ಲಿ ಅವನು! ಮುಂದೆ ಇಷ್ಟು ದೊಡ್ಡ ಗುಂಪು ಹೋಗ್ತಿದೆ, ಕಣ್ಣು ಕಾಣ್ಸಲ್ವಾ ಅವನಿಗೆ?"