ಅವ್ವನಿಗೆ ಹೇಳಿದ ಯುದ್ಧ

ಹಿತ್ತಾಳೆಗೆ ಹಚ್ಚುವ ಪಾಲಿಶಿನ ವಾಸನೆ ಎಲ್ಲಿ ಬಂದರೂ ನನಗೆ ಕೆಂಟನ್ನಿನ ಆ ಅಡುಗೆಮನೆ ನೆನಪಾಗುತ್ತದೆ. ಮೊನ್ನೆ ಕ್ಯಾನರಿ ವಾರ್ಫಿನ ಆಫೀಸಿನ ಲಿಫ್ಟಿನಲ್ಲಿ ಅದೇ ವಾಸನೆ. ಇಳಿಯಬೇಕಾದ ಮಹಡಿ ದಾಟಿಹೋಗಿದ್ದೇ ತಿಳಿಯಲಿಲ್ಲ. ನಿಮಗೂ ಇಂಥದೊಂದು ವಾಸನೆಯ ನೆನಪು ಇರಬಹುದು. ಧಾರವಾಡದಿಂದ ವಿಲಾಯತಿಗೆ ಬಂದ ನಾವು ಮೂವರು, ಅಪ್ಪ, ಅವ್ವ, ನಾನು, ಆ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಮಾಲೀಕರು, ಎಂಬತ್ತು ದಾಟಿದ, ನೌಕಾಪಡೆಯಿಂದ ನಿವೃತ್ತರಾದ ಇಂಗ್ಲಿಷ್ ಕ್ಯಾಪ್ಟನ್. ಅಡುಗೆಮನೆ ಮಾತ್ರ ಎಲ್ಲರಿಗೂ ಒಂದೇ. ಅಪ್ಪ ಬೆಳಗ್ಗೆ ಅಕ್ಸ್‌ಬ್ರಿಡ್ಜಿಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಇಂಗ್ಲಿಷ್ ಬಾರದ ಅವ್ವನಿಗೆ ಬೀದಿಯೆಂದರೆ ಹೆದರಿಕೆ. ಕ್ಯಾಪ್ಟನ್ನರಿಗೆ ಮಂಡಿನೋವು, ಅಂಗಳ ದಾಟಲಾಗದು. ಚಳಿಗಾಲವಿಡೀ ಇಬ್ಬರೂ ಆವಿಗಟ್ಟಿದ ಆ ಒಂದೇ ಕಿಟಕಿಯ ಒಳಗೆ ಸಿಕ್ಕಿಬಿದ್ದಿದ್ದರು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವರು ಹಡಗಿನ ಹಳೆಯ ಹಿತ್ತಾಳೆ ಗಂಟೆಯನ್ನು ಉಜ್ಜುತ್ತ ಮಾತಾಡುತ್ತಿದ್ದರು. ಹದಿನಾರರ ವಯಸ್ಸಿಗೇ ಮೊದಲ ಮಹಾಯುದ್ಧಕ್ಕೆ ಹೋದದ್ದು, ಮೇಲಿನಿಂದ ಕಬ್ಬಿಣದ ಬಾಗಿಲು ಬಿಗಿದ ಮದ್ದುಗುಂಡಿನ ಕೋಣೆಯಲ್ಲಿ ಹಡಗು ನಡುಗುವುದನ್ನು ಕೇಳುತ್ತ ನಿಂತದ್ದು, ಆಮೇಲೆ ಮಾಲ್ಟಾ, ಮುಂಬಯಿ ಬಂದರುಗಳಲ್ಲಿ ಕಳೆದ ವರ್ಷಗಳು, ಎರಡನೆಯ ಯುದ್ಧದಲ್ಲಿ ಸರಕಿನ ಹಡಗುಗಳನ್ನು ಕಾಯುವ ನೌಕೆಯೊಂದು ತಮ್ಮ ಕೈಗೆ ಬಂದದ್ದು. ಒಂದಕ್ಷರ ತಿಳಿಯದಿದ್ದರೂ ಅವ್ವ "ಹೌದ್ರಿ, ಹೌದ್ರಿ" ಎನ್ನುತ್ತಿದ್ದಳು. ಒಂಬತ್ತು ವರ್ಷದ ನಾನು ಶಾಲೆಯಿಂದ ಬಂದು ಅಲ್ಲೇ ಮೇಜಿನ ಕೊನೆಯಲ್ಲಿ ಕೂತಿರುತ್ತಿದ್ದೆ.

ಒಂದು ಸಂಜೆ ಮಾತಾಡುತ್ತಿದ್ದ ಹಾಗೆಯೇ ಅವರ ಕಣ್ಣಲ್ಲಿ ನೀರು ಬಂತು.

"ಯಾಕ ಅಳತಾರ? ಏನಂತಾರ?" ಎಂದಳು ಅವ್ವ.

ನಾನು ಹೇಳಿಬಿಟ್ಟೆ. "ಸರಕಿನ ಹಡಗ ಒಂದು ಮುಳಗಿತ್ತಂತ. ಮಂದಿ ನೀರಾಗ ಕೈ ಎತ್ತಿ ಕರೀತಿದ್ರಂತ. ನಮ್ಮ ಕಡೀ ಖಲಾಸಿಗಳೂ ಇದ್ರಂತ. ನಿಂದ್ರಬ್ಯಾಡ್ರಿ ಅಂತ ಆರ್ಡರ್ ಇತ್ತಂತ. ಇವ್ರು ನಿಂದರಲಿಲ್ಲಂತ."

ಅವ್ವನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಕ್ಯಾಪ್ಟನ್ ಅವಳ ಮುಖ ನೋಡಿದರು, ಆಮೇಲೆ ನನ್ನನ್ನು.

"ಅವಳಿಗೆ ಹೇಳಿದೆಯಾ?" ಎಂದು ಮೆಲ್ಲಗೆ ಕೇಳಿದರು.

ಅವಳಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಿಂದಲೇ ಅವರು ಅಷ್ಟು ದಿನ ಬಾಯಿಬಿಟ್ಟಿದ್ದರೆಂದು ಈಗ ಅರ್ಥವಾಗುತ್ತದೆ. ಮರುದಿನದಿಂದ ಅವ್ವ ಇರುವಾಗ ಅವರು ಅಡುಗೆಮನೆಗೆ ಬರಲಿಲ್ಲ. ಅವಳು ತಟ್ಟೆಯಲ್ಲಿ ಊಟ ಹಾಕಿ ಅವರ ಕೋಣೆಯ ಮುಂದಿಟ್ಟು ಬರುತ್ತಿದ್ದಳು. ತೊಳೆದು ಒರೆಸಿದ ತಟ್ಟೆ ವಾಪಸು ಬರುತ್ತಿತ್ತು, ಮಾತು ಬರಲಿಲ್ಲ. "ನೀ ಹೇಳಬಾರದಿತ್ತು. ನಾನೂ ಕೇಳಬಾರದಿತ್ತು," ಎಂದು ಅವ್ವ ಒಮ್ಮೆ ಅಂದಳು. ಚಳಿ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಸಾಮಾನು ಕಟ್ಟಲು ಬಂದ ಅವರ ಮಗಳು ನನ್ನನ್ನು ಕೂರಿಸಿಕೊಂಡು ಕೇಳಿದರು, "ಯುದ್ಧದ ಬಗ್ಗೆ ಅಪ್ಪ ನಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ. ನಿಮ್ಮಮ್ಮನಿಗೆ ಏನಾದರೂ ಹೇಳಿದ್ದರಾ?"

ಅವರು ಕೇಳಿದ್ದನ್ನು ಅವ್ವನಿಗೆ ಹೇಳಿದೆ. ಅವಳು ಆ ಹೆಂಗಸಿನ ಮುಖ ನೋಡಿದಳು. "ಇಲ್ಲ ಅನ್ನು. ರೊಟ್ಟಿ ಚಲೋ ಅದಾವು ಅಂತಿದ್ರು, ಅಷ್ಟ ಅನ್ನು."

ಹಾಗೆಯೇ ಹೇಳಿದೆ. ಅವರು ನಕ್ಕು ಕಣ್ಣೊರೆಸಿಕೊಂಡರು.

ಆ ಮನೆ ಈಗ ನಾಲ್ಕು ಫ್ಲ್ಯಾಟಾಗಿದೆ. ಅವ್ವನೂ ಇಲ್ಲ. ಆ ಮಗಳನ್ನು ಹುಡುಕಿ ಎಲ್ಲ ಹೇಳಿಬಿಡಬೇಕೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆಮೇಲೆ, ಎರಡನೆಯ ಸಲವೂ ನಾನೇ ಹೇಳುವುದೇ ಎಂದು ಸುಮ್ಮನಾಗುತ್ತೇನೆ.